ಕಾಕಾನ ಮಗ್ಗದ ಶೆಡ್ಡಿನಲ್ಲಿ ಬಿಟ್‌ಕಾಯಿನ್ ಮಷಿನ್ ಬೇಕಾ?

2025ರ ದೀಪಾವಳಿ ರಜೆಗೆ ಬನಹಟ್ಟಿಗೆ ಹೋದಾಗ ನನಗೆ ಒಂದು ಪರೀಕ್ಷೆ ಕಾದಿತ್ತು. ಸೆಮಿಸ್ಟರ್ ಪರೀಕ್ಷೆಗಿಂತ ಕಷ್ಟದ್ದು, ಯಾಕಂದ್ರೆ ಇದಕ್ಕೆ ಹಳೇ ಪ್ರಶ್ನೆಪತ್ರಿಕೆ ಸಿಗೋದಿಲ್ಲ.

ನಮ್ಮ ಕಾಕಾ ನೇಕಾರ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇವೆ. ಈಗ ಅದರಲ್ಲಿ ಎರಡು ನಿಂತಿವೆ. ನೂಲಿನ ರೇಟು ಏರಿದೆ, ಸೀರೆ ಕೇಳುವವರು ಕಡಿಮೆಯಾಗಿದ್ದಾರೆ. ಕಾಕಾನ ಮಗನ ದೋಸ್ತನೊಬ್ಬ ಬಂದು ಒಂದು ಐಡಿಯಾ ಕೊಟ್ಟಿದ್ದ: "ನಿಂತಿರೋ ಎರಡು ಮಗ್ಗದ ಜಾಗದಲ್ಲಿ ಎರಡು ಬಿಟ್‌ಕಾಯಿನ್ ಮಷಿನ್ ಇಡೋಣ. ಮಷಿನ್ ನನ್ನವು, ಕರೆಂಟು ನಿಮ್ಮದು. ತಿಂಗಳಿಗೆ ಎಂಟು ಸಾವಿರ ಬಾಡಿಗೆ."

ಕಾಕಾ ನನ್ನ ಕಡೆ ತಿರುಗಿ ಕೇಳಿದ್ರು: "ತಮ್ಮಾ, ನೀ ಕರೆಂಟಿಂದs ಓದಾಕತ್ತಿ ಅಲಾ? ಇದು ಚಲೋನೋ ಕೆಟ್ಟೋ, ಹೇಳಿ ಹೋಗು."

ನಾನು ಎಲೆಕ್ಟ್ರಿಕಲ್ ಎರಡನೇ ವರ್ಷ. ಹಾಸ್ಟೆಲ್‌ನಲ್ಲಿ ಕ್ರಿಪ್ಟೊ ಬಗ್ಗೆ ರಾತ್ರಿ ಎರಡರ ತನಕ ವಾದ ಮಾಡಿದವ. ಆದ್ರೆ ಕಾಕಾನ ಮುಂದೆ ಬಾಯಿ ಬರಲಿಲ್ಲ. "ನಾಳೆ ಹೇಳ್ತೀನಿ ಕಾಕಾ" ಅಂದೆ. ಆ ರಾತ್ರಿ ಹಾಳೆ ತಗೊಂಡು ಕೂತು ಮಾಡಿದ ಲೆಕ್ಕವೇ ಈ ಲೇಖನ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಮ್. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು, ಮೈನಿಂಗ್ ಅಂದ್ರೆ ಏನು ಅಂತ ಕಾಕಾನಿಗೆ ಹೇಳಿದ ಹಾಗೆಯೇ ಹೇಳ್ತೀನಿ. ಬಿಟ್‌ಕಾಯಿನ್ ಅಂದ್ರೆ ಜಗತ್ತಿಗೆಲ್ಲ ಸೇರಿ ಇರುವ ಒಂದು ಕಿರ್ದಿ ಪುಸ್ತಕ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನೋದು ಅದರಲ್ಲಿ ಬರೀತಾರೆ. 2009ರ ಜನವರಿಯಿಂದ ನಡೀತಿದೆ. ಈ ಪುಸ್ತಕಕ್ಕೆ ಸಾಹುಕಾರ ಇಲ್ಲ, ಬ್ಯಾಂಕ್ ಇಲ್ಲ. ಹಾಗಾದ್ರೆ ಮುಂದಿನ ಪುಟ ಬರೆಯೋ ಹಕ್ಕು ಯಾರಿಗೆ? ಅದಕ್ಕೊಂದು ಸ್ಪರ್ಧೆ. ಎಷ್ಟೋ ಅಂಕಿಗಳ ನಂಬರ್ ಬೀಗ ಇದೆ ಅಂದ್ಕೊಳ್ಳಿ. ಬುದ್ಧಿ ಓಡಿಸಿ ತೆಗೆಯೋಕೆ ಆಗಲ್ಲ, ಒಂದೊಂದೇ ನಂಬರ್ ಹಾಕಿ ನೋಡ್ತಾ ಹೋಗಬೇಕು. ಮೊದಲು ತೆಗೆದವನು ಪುಟ ಬರೀತಾನೆ, ಅವನಿಗೆ ಹೊಸ ನಾಣ್ಯ ಬಹುಮಾನ. ಮೊದಲು ಪುಟಕ್ಕೆ 50 ನಾಣ್ಯ ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧ ಆಗ್ತಾ 2024ರ ಏಪ್ರಿಲ್‌ನಿಂದ 3.125ಕ್ಕೆ ಬಂದಿದೆ.

ಇಷ್ಟು ಕರೆಂಟು ಸುಡೋದು ಮೂರ್ಖತನ ಅಂತ ಮೊದಲು ನಾನೂ ಅಂದ್ಕೊಂಡಿದ್ದೆ. ಹಾಗಲ್ಲ, ಅದು ಬೇಕಂತಲೇ ಮಾಡಿದ ವ್ಯವಸ್ಥೆ. ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೀಬೇಕು ಅಂದ್ರೆ ಉಳಿದ ಎಲ್ಲರಿಗಿಂತ ಹೆಚ್ಚು ಮಷಿನ್, ಹೆಚ್ಚು ಕರೆಂಟು ಬೇಕು. ಮೋಸ ದುಬಾರಿ ಆಗ್ಲಿ ಅನ್ನೋದಕ್ಕೇ ಕೆಲಸವನ್ನ ದುಬಾರಿ ಮಾಡಿದ್ದಾರೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಚಂದದ ಯೋಚನೆ, ನಾನು ಒಪ್ತೀನಿ.

ಆದ್ರೆ ಇದರಲ್ಲಿ ಒಂದು ವಿಚಿತ್ರ ಇದೆ. ನಮ್ಮೂರಲ್ಲಿ ಎರಡು ಮಗ್ಗ ಇದ್ದಲ್ಲಿ ನಾಲ್ಕು ಮಗ್ಗ ಹಾಕಿದ್ರೆ ಸೀರೆ ಎರಡು ಪಟ್ಟು ಆಗ್ತವೆ. ಬಿಟ್‌ಕಾಯಿನ್‌ನಲ್ಲಿ ಮಷಿನ್ ಎರಡು ಪಟ್ಟಾದ್ರೂ ನಾಣ್ಯ ಅಷ್ಟೇ. ಸುಮಾರು ಹತ್ತು ನಿಮಿಷಕ್ಕೆ ಒಂದೇ ಪುಟ, ಅಂದ್ರೆ ದಿನಕ್ಕೆ 144 ಪುಟ, ಸುಮಾರು 450 ನಾಣ್ಯ. ಬೇಗ ಬೇಗ ಬೀಗ ತೆಗೀತಿದ್ದಾರೆ ಅಂತ ಗೊತ್ತಾದ್ರೆ ಪ್ರತಿ 2,016 ಪುಟಕ್ಕೊಮ್ಮೆ ಜಾಲವೇ ಬೀಗವನ್ನ ಇನ್ನೂ ಕಷ್ಟ ಮಾಡುತ್ತೆ. ಹೊಸ ಮಷಿನ್ ಬಂದ ಹಾಗೆ ಹಳೆಯವರ ಪಾಲು ಕರಗುತ್ತೆ, ಒಟ್ಟು ಕರೆಂಟು ಏರುತ್ತೆ, ಹುಟ್ಟೋದು ಅದೇ 450. ಇದನ್ನ ಕೇಳಿ ಕಾಕಾ ಒಂದೇ ಮಾತು ಕೇಳಿದ್ರು: "ಮತ್ತ ಅದು ನೇಯೂದರ ಏನು?"

ಈಗ ಅಂಕಿ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2025ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಬಿಟ್‌ಕಾಯಿನ್ ವರ್ಷಕ್ಕೆ ಸುಮಾರು 138 ಟೆರಾವ್ಯಾಟ್ ಅವರ್ ವಿದ್ಯುತ್ ತಿನ್ನುತ್ತೆ. ನಮ್ಮ ಭಾಷೆಯಲ್ಲಿ 13,800 ಕೋಟಿ ಯೂನಿಟ್. ಇಡೀ ಕರ್ನಾಟಕ ಒಂದು ವರ್ಷದಲ್ಲಿ ಬಳಸೋದಕ್ಕಿಂತ ಇದು ಹೆಚ್ಚು. ನಮ್ಮ ಆಲಮಟ್ಟಿ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ವರ್ಷಪೂರ್ತಿ ಒಂದು ನಿಮಿಷವೂ ನಿಲ್ಲದೆ ತಿರುಗಿದ್ರೂ ಅಂಥ 54 ಆಲಮಟ್ಟಿ ಬೇಕು. ನಿಜವಾದ ಆಲಮಟ್ಟಿ ಹೊಳೆಗೆ ನೀರು ಬಂದಾಗ ಮಾತ್ರ ತಿರುಗೋದು, ಅದು ಬೇರೆ ಮಾತು.

ಇಷ್ಟು ದೊಡ್ಡ ಸಂಖ್ಯೆ ತಲೆಗೆ ಹೋಗಲ್ಲ. ಅದಕ್ಕೆ ಶೆಡ್ಡಿನ ಲೆಕ್ಕಕ್ಕೆ ಬರೋಣ.

ಆ ಹುಡುಗ ತರಬೇಕು ಅಂತಿದ್ದದ್ದು ಸೆಕೆಂಡ್ ಹ್ಯಾಂಡ್ ಆ್ಯಂಟ್‌ಮೈನರ್ ಎಸ್19 ಪ್ರೊ. ಅದು 3,250 ವ್ಯಾಟ್ ಎಳೆಯುತ್ತೆ, ಹಗಲು ರಾತ್ರಿ. ಅಂದ್ರೆ ದಿನಕ್ಕೆ 78 ಯೂನಿಟ್. ಒಂದು ಎಚ್‌ಪಿ ಮೋಟಾರಿನ ಮಗ್ಗ ಹತ್ತು ತಾಸು ನಡೆದ್ರೆ ಏಳೂವರೆ ಯೂನಿಟ್. ಅಲ್ಲಿಗೆ ಒಂದು ಮಷಿನ್ ಹತ್ತು ಮಗ್ಗದ ಕರೆಂಟು ತಿನ್ನುತ್ತೆ. ಜಮಖಂಡಿ ಹತ್ತಿರ ಹೊಳೆ ದಂಡೆಗೆ ನಮ್ಮ ಮಾಮಾನ ಹೊಲ ಇದೆ, ಅಲ್ಲಿ 10 ಎಚ್‌ಪಿ ಪಂಪ್. ಏಳು ತಾಸು ನಡೆದ್ರೆ 52 ಯೂನಿಟ್. ಕಬ್ಬಿಗೆ ನೀರು ಎತ್ತೋ ಪಂಪಿಗಿಂತ, ನೋಡೋಕೆ ಶೂ ಬಾಕ್ಸಿಗಿಂತ ಸ್ವಲ್ಪ ದೊಡ್ಡದಿರೋ ಈ ಡಬ್ಬಿ ದಿನಕ್ಕೆ ಒಂದೂವರೆ ಪಟ್ಟು ಹೆಚ್ಚು ತಿನ್ನುತ್ತೆ. ಗೃಹಜ್ಯೋತಿಯ 200 ಯೂನಿಟ್ ಇದಕ್ಕೆ ಮೂರು ದಿನಕ್ಕೂ ಸಾಲಲ್ಲ.

ಗಳಿಕೆ ಎಷ್ಟು? ಈ ಮಷಿನ್ ಸೆಕೆಂಡಿಗೆ 110 ಟೆರಾಹ್ಯಾಶ್ ಮಾಡುತ್ತೆ. ಇಡೀ ಜಾಲದ ಶಕ್ತಿ 2025ರಲ್ಲಿ ಸುಮಾರು 1,000 ಎಕ್ಸಾಹ್ಯಾಶ್ ಮುಟ್ಟಿತು. ಅಂದ್ರೆ ಸುಮಾರು ತೊಂಬತ್ತು ಲಕ್ಷ ಪಾಲಿನಲ್ಲಿ ನಮ್ಮದು ಒಂದು ಪಾಲು. ಬಿಟ್‌ಕಾಯಿನ್ ಬೆಲೆ ದಿನಾ ಏರಿಳಿಯುತ್ತೆ, ಲೆಕ್ಕಕ್ಕೆ 1 ಲಕ್ಷ ಡಾಲರ್ ಅಂತಲೂ, ಡಾಲರಿಗೆ 88 ರೂಪಾಯಿ ಅಂತಲೂ ಹಿಡಿಯೋಣ. ಒಂದು ಮಷಿನ್‌ಗೆ ದಿನಕ್ಕೆ ಸುಮಾರು 435 ರೂಪಾಯಿ ಬರುತ್ತೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದ್ರೆ ಕರೆಂಟಿನ ಖರ್ಚು 546 ರೂಪಾಯಿ. ದಿನಕ್ಕೆ ನೂರು ರೂಪಾಯಿಗಿಂತ ಹೆಚ್ಚು ಲಾಸ್! ಇದರ ಮೇಲೆ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ 30 ಶೇಕಡಾ ತೆರಿಗೆ ಇದೆ. ಮೈನಿಂಗ್ ವ್ಯವಸ್ಥೆಗೆ ಹಾಕಿದ ಖರ್ಚನ್ನ ಅದರಲ್ಲಿ ಕಳೆಯೋಕೆ ಬರಲ್ಲ ಅಂತ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ.

ಹಾಗಾದ್ರೆ ಆ ಹುಡುಗನಿಗೆ ಗಣಿತ ಬರಲ್ವಾ? ಚೆನ್ನಾಗಿ ಬರುತ್ತೆ. ಅದಕ್ಕೇ ಅವನು ಬೆಂಗಳೂರಿನಲ್ಲಿ ರೂಮು ಮಾಡಲಿಲ್ಲ, ಬನಹಟ್ಟಿಯ ಮಗ್ಗದ ಶೆಡ್ಡು ಹುಡುಕಿಕೊಂಡು ಬಂದ. ಯಾಕಂದ್ರೆ ನೇಕಾರರಿಗೆ ಕರೆಂಟು ರಿಯಾಯಿತಿಯಲ್ಲಿದೆ. 10 ಎಚ್‌ಪಿವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ ಕೊಡೋದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಎರಡು ಮಷಿನ್ ಸೇರಿ ಆರೂವರೆ ಕಿಲೋವ್ಯಾಟ್, ಎಚ್‌ಪಿ ಲೆಕ್ಕದಲ್ಲಿ ಒಂಬತ್ತರೊಳಗೆ. ಹತ್ತು ಎಚ್‌ಪಿ ಗೆರೆಯೊಳಗೆ ಸರಿಯಾಗಿ ಕೂರುತ್ತೆ! "ಅದಕ್ಕೆ ಯೂನಿಟ್ಟಿನ ಮಿತಿ ಇದೆಯಲ್ಲ" ಅಂತ ನಾನು ಕೇಳಿದ್ದಕ್ಕೆ ಅವನು ಹೇಳಿದ್ದು: "ಹಂಗಂದ್ರ ನಿಮ್ಮ ಮಾಮಾನ ಹೊಲದಾಗ ಇಡೂಣು. ಪಂಪಿಗೆ ಮೀಟರs ಇಲ್ಲಲ್ಲ."

ಇಲ್ಲಿ ನನಗೆ ವಿಷಯ ಸ್ಪಷ್ಟವಾಯ್ತು. ಎರಡು ಮಷಿನ್ ತಿಂಗಳಿಗೆ 4,680 ಯೂನಿಟ್ ಸುಡ್ತವೆ. 7 ರೂಪಾಯಿ ಲೆಕ್ಕದಲ್ಲಿ 32,760 ರೂಪಾಯಿಯ ಕರೆಂಟು. ಅದರಿಂದ ಹುಟ್ಟೋದು ಸುಮಾರು 26,000 ರೂಪಾಯಿ. ಮೂವತ್ತೆರಡು ಸಾವಿರ ಕಳೆದು ಇಪ್ಪತ್ತಾರು ಸಾವಿರ ಹುಟ್ಟಿಸೋದನ್ನ ಬಿಸಿನೆಸ್ ಅನ್ನೋಕಾಗುತ್ತಾ? ಲಾಭ ಕಾಣ್ತಿರೋದು ಒಂದೇ ಕಾರಣಕ್ಕೆ: ಕಳೆಯೋದು ಒಬ್ಬರ ಜೇಬಿನಿಂದ, ಬರೋದು ಇನ್ನೊಬ್ಬರ ಜೇಬಿಗೆ. ಕಳೆಯೋ ಜೇಬು ಹೆಸ್ಕಾಂದು, ಸರ್ಕಾರದ್ದು, ಅಂದ್ರೆ ಕೊನೆಗೆ ನಮ್ಮೆಲ್ಲರದು. ನೇಕಾರನ ಹೆಸರಿನ ಸಬ್ಸಿಡಿ ನೇಯದೇ ಇರೋ ಮಷಿನ್‌ಗೆ ಹೋಗುತ್ತೆ.

ಇದು ಕಾನೂನಿನ ಪ್ರಶ್ನೆಯೂ ಹೌದು. ಯಾವ ಕೆಲಸಕ್ಕೆ ಅಂತ ಸಂಪರ್ಕ ತಗೊಂಡಿದ್ದೀವೋ ಅದು ಬಿಟ್ಟು ಬೇರೆ ಕೆಲಸಕ್ಕೆ ಬಳಸಿದ್ರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಎರಡು ಪಟ್ಟು ದರದಲ್ಲಿ ವಸೂಲಿ ಮಾಡಬಹುದು. 135ನೇ ಕಲಮಿನ ಕೆಳಗೆ ಕಳ್ಳತನದ ಕೇಸೂ ಆಗಬಹುದು. ಸ್ಕ್ವಾಡ್ ಬಂದ್ರೆ ಸಿಕ್ಕಿಬೀಳೋದು ಮೀಟರ್ ಯಾರ ಹೆಸರಲ್ಲಿದೆಯೋ ಅವರು, ಅಂದ್ರೆ ಕಾಕಾ. ಆ ಹುಡುಗ ಮಷಿನ್ ಎತ್ತಿಕೊಂಡು ಬೈಕ್ ಹತ್ತಿರ್ತಾನೆ.

ಈಗ ಎದುರು ಪಕ್ಷದ ಮಾತು ಕೇಳಬೇಕು, ಇಲ್ಲಾಂದ್ರೆ ಅನ್ಯಾಯ. ನನ್ನ ರೂಮ್‌ಮೇಟ್ ಮುಧೋಳದವನು, ಬಿಟ್‌ಕಾಯಿನ್‌ನ ದೊಡ್ಡ ಅಭಿಮಾನಿ. ಅವನ ವಾದ ಮೂರು.

ಒಂದು: "ಎಲ್ಲದಕ್ಕೂ ಕರೆಂಟು ಬೇಕು. ನೀನು ರಾತ್ರಿಯೆಲ್ಲ ಗೇಮ್ ಆಡ್ತೀಯ, ಎಐಗೆ ಅಸೈನ್‌ಮೆಂಟ್ ಬರೆಸ್ತೀಯ, ಅದಕ್ಕೆ ಕರೆಂಟು ಬೇಡ್ವಾ? ಬಿಟ್‌ಕಾಯಿನ್ ಮಾತ್ರ ಯಾಕೆ ಕಣ್ಣಿಗೆ ಬೀಳುತ್ತೆ?" ಇದು ಸರಿಯಾದ ಏಟು. ಡೇಟಾ ಸೆಂಟರ್‌ಗಳ ಹಸಿವೂ ಸಣ್ಣದಲ್ಲ. ಆದ್ರೆ ಒಂದು ವ್ಯತ್ಯಾಸ ಇದೆ. ಬೇರೆ ಕಡೆ ಎಂಜಿನಿಯರ್‌ಗಳು ಅದೇ ಕೆಲಸವನ್ನ ಕಡಿಮೆ ಕರೆಂಟಿನಲ್ಲಿ ಮಾಡಿದ್ರೆ ಉಳಿತಾಯದ ಸಾಧ್ಯತೆಯಾದ್ರೂ ಇದೆ. ಬಿಟ್‌ಕಾಯಿನ್‌ನಲ್ಲಿ ಮಷಿನ್ ಎಷ್ಟು ಸುಧಾರಿಸಿದ್ರೂ ಬೀಗ ಅಷ್ಟೇ ಕಷ್ಟ ಆಗುತ್ತೆ. ನಾಣ್ಯದ ಬೆಲೆ ಏರಿದ ಹಾಗೆ ಅದಕ್ಕಾಗಿ ಸುಡೋ ಕರೆಂಟೂ ಏರ್ತಾ ಹೋಗುತ್ತೆ. ಇದೇ ಕಾರಣಕ್ಕೆ ಇಥೀರಿಯಮ್‌ನವರು 2022ರ ಸೆಪ್ಟೆಂಬರ್ 15ರಂದು ಈ ಬೀಗದ ಪದ್ಧತಿಯನ್ನೇ ಬಿಟ್ಟು, ಠೇವಣಿ ಇಟ್ಟವರು ಪುಟ ಬರೆಯೋ ಪದ್ಧತಿಗೆ ಹೋದರು. ಅವರ ವಿದ್ಯುತ್ ಬಳಕೆ 99 ಶೇಕಡಾಕ್ಕಿಂತ ಹೆಚ್ಚು ಇಳಿಯಿತು. "ಅದರಲ್ಲಿ ದುಡ್ಡಿದ್ದವನದೇ ರಾಜ್ಯ" ಅಂತಾನೆ ರೂಮ್‌ಮೇಟ್. ಇರಬಹುದು. ಆದ್ರೆ ಸಾವಿರ ಸಾವಿರ ಮಷಿನ್ ಇಟ್ಟ ಕಂಪನಿಗಳ ಮುಂದೆ ನಮ್ಮ ಕಾಕಾನ ಎರಡು ಮಷಿನ್‌ದು ಏನು ರಾಜ್ಯ?

ಎರಡು: "ಬಿಟ್‌ಕಾಯಿನ್ ಹಸಿರಾಗ್ತಿದೆ. ಭೂತಾನ್ ಜಲವಿದ್ಯುತ್ತಿನಿಂದಲೇ ಮೈನಿಂಗ್ ಮಾಡ್ತಿದೆ." ಇದೂ ನಿಜ. ಅದೇ ಕೇಂಬ್ರಿಜ್ ವರದಿ ಮೈನಿಂಗ್‌ನ ವಿದ್ಯುತ್ತಿನಲ್ಲಿ 52.4 ಶೇಕಡಾ ನವೀಕರಿಸಬಹುದಾದ ಮೂಲಗಳು ಮತ್ತು ಅಣುವಿದ್ಯುತ್ತಿನಿಂದ ಬರುತ್ತೆ ಅನ್ನುತ್ತೆ. ಭೂತಾನದಲ್ಲಿ ಜನ ಕಡಿಮೆ, ಮಳೆಗಾಲದಲ್ಲಿ ನೀರು ಹೆಚ್ಚು. ಆದ್ರೆ ಜಲವಿದ್ಯುತ್ ಅಂದ ಕೂಡಲೆ ನನಗೆ ನೆನಪಾಗೋದು ಬೀಳಗಿ. ನಮ್ಮ ಅಜ್ಜಿಯ ತವರೂರು ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋಯ್ತು. ಮನೆ, ಹೊಲ, ಗುಡಿ, ಎಲ್ಲ ಬಿಟ್ಟು ಪುನರ್ವಸತಿ ಊರಿಗೆ ಬಂದ್ರು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಇವತ್ತಿಗೂ "ನಮ್ಮ ಅಗಸಿ ಕಾಣತೈತೇನ ನೋಡ್ರಿ" ಅಂತಾರೆ. ಆ ನೀರಿನಿಂದ ಹೊಲಕ್ಕೆ ಕಾಲುವೆ, ಊರಿಗೆ ಬೆಳಕು ಬರುತ್ತೆ ಅಂತ ಹೇಳಿ ಊರು ಬಿಡಿಸಿದ್ದು. ಕಾರ್ಬನ್ ಇಲ್ಲ ಅಂದ ಮಾತ್ರಕ್ಕೆ ಆ ಕರೆಂಟು ಪುಕ್ಕಟೆ ಅಲ್ಲ. ಅದರ ಬೆಲೆಯನ್ನ ಯಾರೋ ಮುಂಚೆಯೇ ಕೊಟ್ಟಿದ್ದಾರೆ.

ಮೂರು: ಇದು ಅವನ ಗಟ್ಟಿ ವಾದ. "ನಮ್ಮ ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳು ಹಿಂಡಿದ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡ್ತಾರೆ. ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಗ್ರಿಡ್‌ಗೆ ಮಾರ್ತಾರೆ. ಗ್ರಿಡ್‌ಗೆ ಬೇಡದಾಗ ಅಲ್ಲೇ ಮೈನಿಂಗ್ ಮಾಡಿದ್ರೆ ಯಾರಿಗೆ ನಷ್ಟ?" ತತ್ವದಲ್ಲಿ ನಾನು ಒಪ್ತೀನಿ. ನಿಜವಾಗಿ ಹಾಳಾಗೋ ಕರೆಂಟನ್ನ ಬಳಸಿದ್ರೆ ತಪ್ಪಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಗ್ರಿಡ್ ಮೇಲೆ ಒತ್ತಡ ಬಂದಾಗ ಮೈನಿಂಗ್ ಕಂಪನಿಗಳು ಮಷಿನ್ ಆಫ್ ಮಾಡೋದೂ ಉಂಟು. ಆದ್ರೆ ನಮ್ಮ ಕಡೆ ಆ ಹೆಚ್ಚುವರಿ ಎಲ್ಲಿದೆ? ಕಾರ್ಖಾನೆ ನುರಿಸೋದು ವರ್ಷದಲ್ಲಿ ಕೆಲವೇ ತಿಂಗಳು. ಮಷಿನ್‌ಗೆ ದುಡ್ಡು ಹಾಕಿದವನು ವರ್ಷಪೂರ್ತಿ ಓಡಿಸಬೇಕು ಅಂತಾನೆ, ಸುಮ್ಮನೆ ಇಟ್ಟರೆ ಅದು ಹಳತಾಗುತ್ತೆ. 2023ರ ಅಕ್ಟೋಬರ್ ನೆನಪಿಸಿಕೊಳ್ಳಿ. ಮಳೆ ಹೋಯ್ತು, ರಾಜ್ಯದಲ್ಲಿ ಕರೆಂಟು ಸಾಲಲಿಲ್ಲ. ಪಂಪ್‌ಸೆಟ್‌ಗೆ 7 ತಾಸಿನ ತ್ರೀ ಫೇಸ್ 5 ತಾಸಿಗೆ ಇಳಿಯಿತು. ರಾಜ್ಯದ ಉತ್ಪಾದಕರು ಕರೆಂಟನ್ನ ಹೊರಗೆ ಮಾರಬಾರದು, ಇಲ್ಲಿನ ಗ್ರಿಡ್‌ಗೇ ಕೊಡಬೇಕು ಅಂತ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮು ಬಳಸಬೇಕಾಯ್ತು. ಆ ದಿನಗಳಲ್ಲಿ ಮಾಮಾ ರಾತ್ರಿ ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ, ಕರೆಂಟು ಬರೋದನ್ನ ಕಾಯ್ತಾ ಕೂತಿರ್ತಿದ್ರು.

ಜಮಖಂಡಿ ಕಡೆಯ ರೈತರಿಗೆ ನೀರಿನ ಬೆಲೆ ಗೊತ್ತು. ಸರ್ಕಾರ ಕಟ್ಟಿಕೊಡಲಿ ಅಂತ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಹಾಕಿ, ಶ್ರಮದಾನ ಮಾಡಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು ಅವರು. ಆದ್ರೆ ಬ್ಯಾರೇಜಿನಲ್ಲಿ ನೀರು ನಿಂತರೆ ಸಾಲದು, ಅದನ್ನ ಹೊಲಕ್ಕೆ ಎತ್ತೋಕೆ ಕರೆಂಟು ಬೇಕು. ಒಂದೇ ಟಿಸಿಗೆ ಹತ್ತು ಪಂಪ್ ಇರೋ ಕಡೆ ಲೆಕ್ಕಕ್ಕಿಲ್ಲದ ಲೋಡು ಸೇರಿದ್ರೆ ವೋಲ್ಟೇಜ್ ಬೀಳುತ್ತೆ, ಮೋಟಾರ್ ವೈಂಡಿಂಗ್ ಸುಡುತ್ತೆ, ಕೊನೆಗೆ ಟಿಸಿಯೇ ಹೋಗುತ್ತೆ. ಹೊಸ ಟಿಸಿ ಬರೋ ತನಕ ಹತ್ತು ಮನೆಯ ಬೆಳೆ ಒಣಗುತ್ತೆ. ನಾವು ಕ್ಲಾಸಿನಲ್ಲಿ ಟ್ರಾನ್ಸ್‌ಫಾರ್ಮರ್ ಓವರ್‌ಲೋಡ್ ಅಂತ ಐದು ಮಾರ್ಕಿಗೆ ಬರೀತೀವಲ್ಲ, ಊರಲ್ಲಿ ಅದರ ಅರ್ಥ ಇದು.

ಇದು ಬರೀ ನನ್ನ ಕಲ್ಪನೆ ಅಲ್ಲ. ಇರಾನ್‌ನಲ್ಲಿ ಕರೆಂಟಿಗೆ ಭಾರೀ ಸಬ್ಸಿಡಿ. ಹಾಗಾಗಿ ಎಲ್ಲೆಂದರಲ್ಲಿ ಕಳ್ಳ ಮೈನಿಂಗ್ ಹುಟ್ಟಿಕೊಂಡಿತು. 2021ರ ಬೇಸಿಗೆಯಲ್ಲಿ ಊರಿಗೆ ಊರೇ ಕತ್ತಲಾದಾಗ ಸರ್ಕಾರ ಕೆಲವು ತಿಂಗಳು ಮೈನಿಂಗನ್ನೇ ನಿಷೇಧಿಸಿತು. ಅದೇ ವರ್ಷ ಚೀನಾ ಮೈನಿಂಗ್ ಓಡಿಸಿತು, ಆ ಮಷಿನ್‌ಗಳಲ್ಲಿ ಎಷ್ಟೋ ಪಕ್ಕದ ಕಜಕಸ್ತಾನಕ್ಕೆ ಹೋದವು. ಅಲ್ಲಿ ಚಳಿಗಾಲಕ್ಕೆ ಕರೆಂಟು ಸಾಲದೆ 2022ರ ಜನವರಿಯಲ್ಲಿ ಅವುಗಳ ಸಂಪರ್ಕ ಕಡಿಯಬೇಕಾಯ್ತು. ಕರೆಂಟು ಅಗ್ಗ ಇರೋ ಕಡೆ ಈ ಮಷಿನ್‌ಗಳು ಹುಡುಕಿಕೊಂಡು ಬರ್ತವೆ. ಅಗ್ಗ ಯಾಕಿದೆ, ಯಾರಿಗೋಸ್ಕರ ಇದೆ ಅಂತ ಅವು ಕೇಳಲ್ಲ.

ಉಪದೇಶ ಮಾಡೋ ಮುಂಚೆ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಫಸ್ಟ್ ಇಯರ್‌ನಲ್ಲಿ ನಾನು ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್‌ನಿಂದ ಮೊನೆರೊ ಮೈನಿಂಗ್ ಮಾಡಿದ್ದೆ. ಹದಿನೇಳು ರಾತ್ರಿ. ಕರೆಂಟು ಹಾಸ್ಟೆಲ್‌ದು, ನನಗೆ ಬಿಲ್ ಇಲ್ಲ ಅನ್ನೋದೇ ಧೈರ್ಯ. ಸುಮಾರು 11 ಯೂನಿಟ್ ಸುಟ್ಟಿರಬಹುದು. ಗಳಿಸಿದ್ದು ಪೂಲ್‌ನ ಕನಿಷ್ಠ ಮೊತ್ತವನ್ನೂ ಮುಟ್ಟಲಿಲ್ಲ, ಕೈಗೆ ಒಂದು ರೂಪಾಯಿ ಬರಲಿಲ್ಲ. ಫ್ಯಾನ್ ಕೆಟ್ಟು ರಿಪೇರಿಗೆ 1,800 ರೂಪಾಯಿ ಹೋಯ್ತು. ನಾನು ಮಾಡಿದ್ದಕ್ಕೂ ಆ ಹುಡುಗ ಮಾಡಬೇಕು ಅಂತಿದ್ದದ್ದಕ್ಕೂ ಅಳತೆಯಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಕ್ಯಾಂಪಸ್‌ನಲ್ಲಿ ಈಗಲೂ ಯಾರಾದ್ರೂ ರೂಮಿನಲ್ಲೋ ಲ್ಯಾಬ್ ಕಂಪ್ಯೂಟರ್‌ನಲ್ಲೋ ಮಾಡ್ತಿದ್ರೆ ದಯವಿಟ್ಟು ನಿಲ್ಲಿಸಿ.

ನನ್ನ ಅಭಿಪ್ರಾಯ ಇಷ್ಟು. ಕ್ರಿಪ್ಟೊ ಪೂರ್ತಿ ಬ್ಯಾನ್ ಮಾಡಿ ಅಂತ ನಾನು ಹೇಳಲ್ಲ. ಮೈನಿಂಗ್ ಮಾಡುವವರು ಪೂರ್ತಿ ದರ ಕೊಟ್ಟು ಮಾಡಲಿ. ಅದಕ್ಕೆ ಬೇರೆಯೇ ಒಂದು ದರದ ವರ್ಗ ಇರಲಿ, ಬೇರೆ ಮೀಟರ್ ಇರಲಿ, ಕೊರತೆ ಬಂದಾಗ ಮೊದಲು ಆಫ್ ಆಗೋದು ಅದೇ ಅನ್ನೋ ಷರತ್ತು ಇರಲಿ. ಮಗ್ಗ, ಪಂಪು, ಮನೆ ಇವುಗಳ ಹೆಸರಲ್ಲಿ ಕೊಟ್ಟ ಒಂದು ಯೂನಿಟ್ಟೂ ಅದಕ್ಕೆ ಹೋಗಬಾರದು. ಪೂರ್ತಿ ದರದಲ್ಲಿ ಲಾಭ ಬರಲ್ಲ ಅಂದ್ರೆ, ಆ ಧಂದೆ ಇಲ್ಲಿ ಬೇಡ ಅಂತ ಅದರ ಲೆಕ್ಕವೇ ಹೇಳ್ತಿದೆ.

ಮರುದಿನ ಕಾಕಾನಿಗೆ ಹಾಳೆ ತೋರಿಸಿ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿದ್ರು. ಕೊನೆಗೆ, "ಬ್ಯಾಡ ಅಂದಿ, ಬ್ಯಾಡ. ಕರೆಂಟಿನ ಕಳ್ಳ ಅನಿಸ್ಕೊಳ್ಳೂದು ನನಗೂ ಬ್ಯಾಡ. ಆದ್ರ ತಮ್ಮಾ, ನಿಂತ ಮಗ್ಗ ಯಾವಾಗ ನಡೀತಾವು, ಅದರದೂ ಒಂದು ಲೆಕ್ಕಾ ಹಾಕಿ ಕೊಡು" ಅಂದ್ರು.

ಆ ಲೆಕ್ಕ ನನಗೆ ಬರಲಿಲ್ಲ. ಎಂಟು ಸಾವಿರ ಬಾಡಿಗೆ ಬೇಡ ಅನ್ನೋಕೆ ನನಗೆ ಒಂದು ರಾತ್ರಿ ಸಾಕಾಯ್ತು, ಅದರ ಬದಲು ಇದು ಮಾಡಿ ಅನ್ನೋಕೆ ಏನೂ ಇರಲಿಲ್ಲ. ರಬಕವಿ-ಬನಹಟ್ಟಿಯಲ್ಲಿ ಕಾಕಾನಂಥ ಮನೆಗಳು ಎಷ್ಟೋ ಇವೆ. ಇವತ್ತು ಬಿಟ್‌ಕಾಯಿನ್ ಹುಡುಗ ಬಂದ, ನಾಳೆ ಇನ್ನೊಬ್ಬ ಇನ್ನೇನೋ ತಗೊಂಡು ಬರ್ತಾನೆ. ಖಾಲಿ ಶೆಡ್ಡು, ಅಗ್ಗದ ಕರೆಂಟು, ಸಾಲದ ಕಂತು ಇರೋ ತನಕ ಬರ್ತಾನೇ ಇರ್ತಾರೆ. ಹಾಗಾಗಿ ಈ ಚರ್ಚೆ ಕರೆಂಟಿನ ಉಳಿತಾಯದ ಜೊತೆಗೆ ಆ ಕರೆಂಟಿನಿಂದ ನಮ್ಮೂರಲ್ಲಿ ಏನು ಕೆಲಸ ಆಗಬೇಕು ಅನ್ನೋದರದ್ದೂ ಆಗಬೇಕು. ಕಡಿಮೆ ಕರೆಂಟಿನ ಮಗ್ಗದ ಮೋಟಾರ್, ಶೆಡ್ಡಿನ ಮೇಲೆ ಸೋಲಾರ್, ಸೀರೆಯನ್ನ ನೇರವಾಗಿ ಮಾರೋ ದಾರಿ, ಇವೆಲ್ಲ ನಮ್ಮ ಮಿನಿ ಪ್ರಾಜೆಕ್ಟ್‌ಗೆ ತಕ್ಕ ವಿಷಯಗಳೇ.

ಮುಂದಿನ ಸೆಮಿಸ್ಟರ್‌ಗೆ ನಾನು ಮಗ್ಗದ ಮೋಟಾರ್ ಅಳತೆ ಮಾಡೋ ಪ್ರಾಜೆಕ್ಟ್ ತಗೊಳ್ತಿದ್ದೀನಿ. ಇನ್ನಿಬ್ಬರು ಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಕಡೆಯವರಾದ್ರೆ ಒಳ್ಳೇದು, ಬೇರೆ ಕಡೆಯವರಾದ್ರೂ ಬನ್ನಿ. ಊಟದ ಚಿಂತೆ ಬೇಡ, ಬನಹಟ್ಟಿಯಲ್ಲಿ ನಮ್ಮ ಚಿಗವ್ವನ ಕೈಯ ಖಡಕ್ ರೊಟ್ಟಿ ಇದೆ. ನನ್ನ ಲೆಕ್ಕದಲ್ಲಿ ತಪ್ಪು ಕಂಡವರು, ಮುಖ್ಯವಾಗಿ ನನ್ನ ರೂಮ್‌ಮೇಟ್, ಮುಂದಿನ ಸಂಚಿಕೆಯಲ್ಲಿ ಉತ್ತರ ಬರೀಬೇಕು ಅಂತ ಕೇಳಿಕೊಳ್ತೀನಿ.